28 ದಿನದ ಲೆಕ್ಕ, ಎರಡು ಬಾಗಿಲು

2016ರ ಪಂಚಮಿ ಹಬ್ಬಕ್ಕೆಂದು ಊರಿಗೆ ಹೋಗಿದ್ದೆ. ನಮ್ಮದು ಮುಂಡರಗಿ ಕಡೆಯ ಹಳ್ಳಿ. ತಂಗಿ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸು ದಿನ ತುಂಬುವ ಮೊದಲೇ, 33 ವಾರಕ್ಕೆ ಹುಟ್ಟಿತ್ತು, ತೂಕ 1,700 ಗ್ರಾಂ. ಗದಗಿನ ನವಜಾತ ಘಟಕದಲ್ಲಿ ಹದಿನಾರು ದಿನ ಇದ್ದು ಮನೆಗೆ ಬಂದಿತ್ತು. ಮನೆಯಲ್ಲಿ ಅಣ್ಣನ ಮಗನಿಗೆ ನೆಗಡಿ. ಬ್ಯಾಡ ಬ್ಯಾಡ ಅಂದರೂ ಅವನು ದಿನಕ್ಕೆ ಹತ್ತು ಸಲ ಹೋಗಿ ಕೂಸಿನ ಗಲ್ಲ ಮುಟ್ಟಿ ಬರುತ್ತಿದ್ದ. 26ನೇ ದಿನ ಕೂಸು ಹಾಲು ಬಿಟ್ಟಿತು. ಉಸಿರಾಡುವಾಗ ಪಕ್ಕೆ ಒಳಗೆ ಜಗ್ಗುತ್ತಿತ್ತು.

108ಕ್ಕೆ ಫೋನ್ ಮಾಡಿದೆವು. ಮೊದಲು ಹೋದ ಒಂದು ಆಸ್ಪತ್ರೆಯಲ್ಲಿ (ಹೆಸರು ಬೇಡ) ಬಾಗಿಲಲ್ಲೇ ಹೇಳಿದರು: "ಒಮ್ಮೆ ಮನಿಗೆ ಹೋಗಿಬಂದ ಕೂಸನ್ನ ನಮ್ಮ ಎನ್‌ಐಸಿಯುದಾಗ ತಗೊಳ್ಳಂಗಿಲ್ರಿ. ದೊಡ್ಡ ಮಕ್ಕಳ ಐಸಿಯು ನಮ್ಮಲ್ಲಿ ಇಲ್ಲ." ಮುಂದೆ ಹುಬ್ಬಳ್ಳಿ, ಸುಮಾರು ಅರವತ್ತು ಕಿಲೋಮೀಟರ್. ದಾರಿಯುದ್ದಕ್ಕೂ ನಾನು ಮೊಬೈಲಿನಲ್ಲಿ ಓದಿದ್ದು ಒಂದೇ ಸಾಲು: 28 ದಿನದ ಒಳಗಿನ ಕೂಸು ನವಜಾತ ಶಿಶು, ಅದಕ್ಕೆ ಎನ್‌ಐಸಿಯು. ಸಾಫ್ಟ್‌ವೇರ್ ಎಂಜಿನಿಯರ್ ನೋಡ್ರಿ, ತಲೆಯಲ್ಲಿ ಒಂದೇ ಇಫ್-ಎಲ್ಸ್: 26 ಅನ್ನೋದು 28ಕ್ಕಿಂತ ಕಡಿಮೆ, ಮುಗೀತು. ಹುಬ್ಬಳ್ಳಿಯ ಡಾಕ್ಟರು ಕೂಸನ್ನು ಪಿಐಸಿಯುಗೆ, ಅಂದರೆ ಮಕ್ಕಳ ತೀವ್ರ ನಿಗಾ ಘಟಕಕ್ಕೆ ಒಯ್ಯಲು ಹೇಳಿದಾಗ ನಾನು ಜಗಳಕ್ಕೇ ನಿಂತೆ.

ಆ ಜಗಳದಲ್ಲಿ ತಪ್ಪು ನನ್ನದಿತ್ತು. ಯಾಕೆ ಅನ್ನುವುದು ತಿಳಿಯಬೇಕಾದರೆ ಈ ಎರಡು ಕೋಣೆಗಳ ಹುಟ್ಟನ್ನು ನೋಡಬೇಕು. ನೋಡಲಿಕ್ಕೆ ಅಕ್ಕತಂಗಿಯರಂತೆ ಕಂಡರೂ ಇವು ಒಂದೇ ತಾಯಿಯ ಮಕ್ಕಳಲ್ಲ.

ಎನ್‌ಐಸಿಯು ಹುಟ್ಟಿದ್ದು ಹೆರಿಗೆ ಮನೆಯಲ್ಲಿ. 1880ರ ಸುಮಾರಿಗೆ ಪ್ಯಾರಿಸ್ಸಿನ ಹೆರಿಗೆ ವೈದ್ಯ ಸ್ಟೆಫಾನ್ ಟಾರ್ನಿಯೇ, ಅಲ್ಲಿನ ಪ್ರಾಣಿಸಂಗ್ರಹಾಲಯದಲ್ಲಿ ಕೋಳಿಮರಿ ಮಾಡಿಸುವ ಶಾಖದ ಪೆಟ್ಟಿಗೆ ನೋಡಿ, ಅಂಥದ್ದನ್ನೇ ದಿನ ತುಂಬದ ಕೂಸುಗಳಿಗೂ ಮಾಡಿಸಿದ. ಮುಂದೆ ಅಮೆರಿಕದ ಕೋನಿ ಐಲೆಂಡ್ ಜಾತ್ರೆಯಲ್ಲಿ ಮಾರ್ಟಿನ್ ಕೂನಿ ಎಂಬಾತ 1903ರಿಂದ 1943ರವರೆಗೆ ಇಂಥ ಪೆಟ್ಟಿಗೆಯಲ್ಲಿ ಕೂಸುಗಳನ್ನಿಟ್ಟು ಟಿಕೆಟ್ ಹಚ್ಚಿ ಜನರಿಗೆ ತೋರಿಸಿದ. ಆ ಹಣದಲ್ಲೇ ಅವುಗಳನ್ನು ಸಾಕಿದ, ತಾಯಿ-ತಂದೆಯರಿಂದ ಏನೂ ತಗೊಳ್ಳಲಿಲ್ಲ. 1960ರಲ್ಲಿ ಯೇಲ್‌ನಲ್ಲಿ ಲೂಯಿ ಗ್ಲಕ್ ನವಜಾತರಿಗೇ ಬೇರೆ ತೀವ್ರ ನಿಗಾ ಘಟಕ ತೆರೆದರು. 1963ರ ಆಗಸ್ಟಿನಲ್ಲಿ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದಾರು ವಾರ ಮೊದಲೇ ಹುಟ್ಟಿ, ಶ್ವಾಸಕೋಶ ಬಲಿಯದೆ 39 ತಾಸಿಗೆ ತೀರಿಕೊಂಡ. ಅಷ್ಟು ದೊಡ್ಡ ದೇಶದ ಅಧ್ಯಕ್ಷನ ಕೈಯಲ್ಲೂ ಉಪಾಯ ಇರಲಿಲ್ಲ. ಆ ಸಾವಿನ ಮೇಲೆ ಸಣ್ಣ ಶ್ವಾಸಕೋಶದ ಸಂಶೋಧನೆಗೆ ಜೋರು ಬಂತು.

ಪಿಐಸಿಯು ಹುಟ್ಟಿದ್ದು ಪೋಲಿಯೋದ ಹೊಡೆತದಲ್ಲಿ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಬಂದು ಉಸಿರಾಟ ನಿಲ್ಲುತ್ತಿದ್ದಾಗ ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ ರೋಗಿಗಳ ಗಂಟಲಿಗೆ ಕೊಳವೆ ಹಾಕಿಸಿದರು. ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು ರಬ್ಬರಿನ ಚೀಲ ಒತ್ತಿ ಒತ್ತಿ ಉಸಿರು ಕೊಟ್ಟರು. 1955ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಇನ್ನೊಬ್ಬ ಅರಿವಳಿಕೆ ವೈದ್ಯ ಗೋರನ್ ಹ್ಯಾಗ್ಲಂಡ್ ಮಕ್ಕಳಿಗೇ ಅಂತ ಇಂಥ ಘಟಕ ಮಾಡಿದರು.

ಹೀಗಾಗಿ ಎರಡೂ ಕೋಣೆಗಳು ಕೇಳುವ ಪ್ರಶ್ನೆಯೇ ಬೇರೆ. ಎನ್‌ಐಸಿಯು ಕೇಳುವುದು, "ಈ ಕೂಸು ಹೊಟ್ಟೆಯಿಂದ ಹೊರಗೆ ಬದುಕಲು ತಯಾರಾಗಿದೆಯೇ?" ಪಿಐಸಿಯು ಕೇಳುವುದು, "ಹೊರಗೆ ಬದುಕುತ್ತಿದ್ದ ಮಗುವಿಗೆ ಏನು ಬಡಿಯಿತು?" 28 ದಿನ ಅನ್ನುವುದು ಈ ಎರಡರ ನಡುವೆ ಎಳೆದ ಗೆರೆ. ನಾಲ್ಕು ವಾರದೊಳಗಿನ ಸಾವನ್ನು ಬೇರೆ ಎಣಿಸುವ ಸಲುವಾಗಿ ಲೆಕ್ಕದವರು ಬಳಸುವ ಗಡಿ ಅದು. 29ನೇ ದಿನ ಬೆಳಗಾಗೆದ್ದ ಕೂಡಲೇ ಕೂಸಿನ ಮೈಯಲ್ಲಿ ಏನೂ ಬದಲಾಗುವುದಿಲ್ಲ.

ಇದನ್ನೇ ಹುಬ್ಬಳ್ಳಿಯ ಡಾಕ್ಟರು ನನಗೆ ನಿಂತಲ್ಲೇ ಹೇಳಿದ್ದು. ಅವರು ನಾಲ್ಕು ಮಾತು ಕೇಳಿದ್ದರು: ಎಷ್ಟು ದಿನದ್ದು, ಎಷ್ಟು ವಾರಕ್ಕೆ ಹುಟ್ಟಿದ್ದು, ಈಗಿನ ತೂಕ ಎಷ್ಟು, ಮನೆಗೆ ಹೋಗಿತ್ತೇ, ಮನೆಯಲ್ಲಿ ಯಾರಿಗಾದರೂ ನೆಗಡಿಯೇ. ನಾಲ್ಕು ಅಂದು ಐದು ಕೇಳಿದರು, ಇರಲಿ. "ವಾರದ ಲೆಕ್ಕ ಹಿಡಿದರ ಈ ಕೂಸು ಇನ್ನೂ ತಾಯಿ ಹೊಟ್ಟಿಯೊಳಗ ಇರಬೇಕಿತ್ತು, ಖರೆ. ಆದ್ರ ಇದು ಮನಿಯಿಂದ ನೆಗಡಿ ವೈರಸ್ ತಂದೈತಿ. ನಮ್ಮ ಎನ್‌ಐಸಿಯುದಾಗ ಒಂದು ಕಿಲೋದ ಕೂಸುಗಳು ಒಂದೇ ಹಾಲ್‌ನಾಗ ಸಾಲಾಗಿ ಮಲಗ್ಯಾವು. ಇದನ್ನ ಒಳಗ ಬಿಟ್ಟರ ಅವುಕ್ಕ ಯಾರು ಹೊಣಿ?" ಪಿಐಸಿಯುದಲ್ಲಿ ಪ್ರತ್ಯೇಕ ಕೋಣೆ ಇತ್ತು. ಅಲ್ಲಿಗೇ ಶಾಖದ ಹಾಸಿಗೆ ತರಿಸಿದರು, ನವಜಾತ ತಜ್ಞರು ದಿನಾ ಬಂದು ನೋಡಿದರು. ಎರಡೂ ಪ್ರಶ್ನೆಗೆ ಒಂದೇ ಕೋಣೆಯಲ್ಲಿ ಉತ್ತರ.

ಎಲ್ಲ ಆಸ್ಪತ್ರೆಗಳ ನಿಯಮ ಒಂದೇ ಅಲ್ಲ. ಕೆಲವು ಕಡೆ ದಿನ ತುಂಬದ ಕೂಸಿಗೆ ಹುಟ್ಟಿದ ದಿನದ ಬದಲು ಗರ್ಭದಿಂದಲೇ ವಾರ ಎಣಿಸುತ್ತಾರೆ. ಕೆಲವು ಕಡೆ ಒಮ್ಮೆ ಮನೆಗೆ ಹೋದದ್ದು ಪಿಐಸಿಯುಗೇ. ಇನ್ನು ಕೆಲವು ಕಡೆ ಹೊರಗೆ ಹುಟ್ಟಿ ಬಂದ ಕೂಸುಗಳಿಗೆ ಎನ್‌ಐಸಿಯುದಲ್ಲೇ ಬೇರೆ ಭಾಗ ಇರುತ್ತದೆ. ಕೊನೆಗೆ ಯಾವ ಕಡೆ ಬೆಡ್ ಖಾಲಿ ಐತಿ ಅನ್ನೋದೂ ಒಂದು ನಿಯಮವೇ.

ನಮ್ಮ ಕಡೆ ಈ ಗೆರೆ ಇನ್ನೂ ಖಾರ ಇತ್ತು. ಗದಗ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಬೆಟಗೇರಿಯ ಬಾಸೆಲ್ ಮಿಶನ್ನಿನ ಜರ್ಮನ್ ದವಾಖಾನೆ, ಅದು ಬಿಟ್ಟರೆ ಹುಬ್ಬಳ್ಳಿ. ಲಕ್ಷ್ಮೇಶ್ವರ, ಶಿರಹಟ್ಟಿಯವರಿಗೂ ಅದೇ ದಾರಿ. ನವಜಾತರ ವಿಷಯದಲ್ಲಿ ದೇಶ ಮೊದಲು ಎಚ್ಚೆತ್ತಿತು. 1980ರಲ್ಲಿ ನ್ಯಾಷನಲ್ ನಿಯೋನೇಟಾಲಜಿ ಫೋರಂ ಆಯಿತು. 2003ರಲ್ಲಿ ಪಶ್ಚಿಮ ಬಂಗಾಳದ ಹಿಂದುಳಿದ ಜಿಲ್ಲೆ ಪುರುಲಿಯಾದ ಜಿಲ್ಲಾಸ್ಪತ್ರೆಯಲ್ಲಿ ವಿಶೇಷ ನವಜಾತ ಘಟಕ ಶುರುವಾಗಿ, ಆ ಮಾದರಿ ದೇಶದ ಜಿಲ್ಲಾಸ್ಪತ್ರೆಗಳಿಗೆ ಹರಡಿತು. ಆದರೆ ಆ ಘಟಕ 28 ದಿನದ ತನಕ. 2011ರ ಜನನಿ ಶಿಶು ಸುರಕ್ಷಾ ಯೋಜನೆಯ ಉಚಿತ ಚಿಕಿತ್ಸೆಯೂ ಮೊದಲು 30 ದಿನಕ್ಕೆ ಮುಗಿಯುತ್ತಿತ್ತು, ಒಂದು ವರ್ಷದ ತನಕ ವಿಸ್ತರಿಸಿದ್ದು ಆಮೇಲೆ. ಜಿಲ್ಲೆ ಜಿಲ್ಲೆಗೂ ಮಕ್ಕಳ ಘಟಕ ಬೇಕು ಅಂತ ಕೇಂದ್ರ ದುಡ್ಡು ತೆಗೆದಿಟ್ಟದ್ದು 2021ರಲ್ಲಿ, ಕೋವಿಡ್ಡಿನ ಮೂರನೇ ಅಲೆಯ ಹೆದರಿಕೆಯಲ್ಲಿ. ಅಲ್ಲಿಯವರೆಗೆ 29ನೇ ದಿನದ ಕೂಸಿಗೆ ಎಷ್ಟೋ ಜಿಲ್ಲೆಗಳಲ್ಲಿ ಬಾಗಿಲು ಇರಲಿಲ್ಲ, ಬರೇ ರಸ್ತೆ ಇತ್ತು.

1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. 2020ರ ಹೊತ್ತಿಗೆ ಅದು 28ಕ್ಕೆ ಇಳಿಯಿತು. ಆ 28ರಲ್ಲಿ 20 ಸಾವು ಮೊದಲ 28 ದಿನದಲ್ಲೇ. ಅಂದಮೇಲೆ ಸರಕಾರ ಮೊದಲು ಆ ಕೋಣೆ ಕಟ್ಟಿದ್ದು ಸರಿಯೇ. ಉಳಿದ ಎಂಟರಲ್ಲಿ ನಮ್ಮ ಮನೆಯದೂ ಒಂದು ಆಗಬಹುದು ಅನ್ನುವುದು ಆ ರಾತ್ರಿ ನನಗೆ ಹೊಳೆದಿತ್ತು.

ಕೂಸು ಒಂಬತ್ತು ದಿನ ಅಲ್ಲಿತ್ತು, ಮನೆಗೆ ಬಂತು. ಈಗ ಶಾಲೆಗೆ ಹೋಗುತ್ತಾಳೆ, ನನ್ನ ಲ್ಯಾಪ್‌ಟಾಪಿನ ಮೇಲೆ ಕಣ್ಣು. ಆಗ ಬಿಲ್ಲು ಕಟ್ಟಿ ಹೊರಗೆ ಬಂದಾಗ ನಮ್ಮ ಆಯಿ ಒಂದು ಮಾತು ಹೇಳಿದಳು: "ನೀನೂ ಏಳು ತಿಂಗಳಿಗೇ ಹುಟ್ಟಿದಾಂವ. ಅರಳಿಯೊಳಗ ಸುತ್ತಿ, ಹೊರಸಿನ ಕೆಳಗ ಕೆಂಡ ಇಟ್ಟು, ತಿಂಗಳಾನಗಟ್ಲೆ ಯಾರನ್ನೂ ಒಳಗ ಬಿಟ್ಟಿದ್ದಿಲ್ಲ." ಹತ್ತಿ ಬೆಳೆಯುವ ಸೀಮೆಯಲ್ಲಿ ಅದೇ ನಮ್ಮ ಇನ್‌ಕ್ಯುಬೇಟರ್, ಅದೇ ಪ್ರತ್ಯೇಕ ಕೋಣೆ. ಆ ಹೊಗೆ ಕೂಸಿಗೆ ಒಳ್ಳೆಯದಲ್ಲ, ಆ ಪದ್ಧತಿಯಲ್ಲಿ ಉಳಿಯದೆ ಹೋದ ಕೂಸುಗಳನ್ನು ಯಾರೂ ಎಣಿಸಲಿಲ್ಲ. ಆದರೆ ಬಾಗಿಲು ಹಾಕಿಕೊಂಡದ್ದು ಮಾತ್ರ ಸರಿ ಇತ್ತು.

ಈಗ ಊರಲ್ಲಿ ಯಾರ ಮನೆಯಲ್ಲಿ ಕೂಸು ಬಂದರೂ ನಾನು ಹೇಳುವುದಿಷ್ಟೇ. ಡಿಸ್ಚಾರ್ಜ್ ಕಾರ್ಡನ್ನು ಕೈಗೆ ಸಿಗುವ ಹಾಗೆ ಇಡ್ರಿ. ಹುಟ್ಟಿದ ವಾರ, ತೂಕ ಬಾಯಿಪಾಠ ಇರಲಿ. ಹಾಲು ಬಿಟ್ಟರೆ, ಪಕ್ಕೆ ಜಗ್ಗಿದರೆ ತಡ ಮಾಡಬ್ಯಾಡ್ರಿ. ಹೊರಡುವ ಮೊದಲೇ ಫೋನ್ ಮಾಡಿ, ಇಂಥ ಕೂಸಿಗೆ ಬೆಡ್ ಐತೇನು, ಯಾವ ಘಟಕದಲ್ಲಿ ಅಂತ ಕೇಳ್ರಿ. ಬಾಗಿಲಲ್ಲಿ ನಿಂತು ನನ್ನ ಹಾಂಗ 28ರ ಲೆಕ್ಕ ಹಿಡಿದು ಜಗಳ ಆಡಬ್ಯಾಡ್ರಿ. ಮತ್ತೆ, ನೆಗಡಿ ಬಂದ ಹುಡುಗರನ್ನು ಎಷ್ಟು ಅತ್ತರೂ ಒಳಗೆ ಬಿಡಬ್ಯಾಡ್ರಿ.