ದೇವಲಿಯ ಬೇಲಿ

ಯುದ್ಧಕೈದಿ ಅಂದಕೂಡಲೆ ಕಣ್ಣ ಮುಂದೆ ಬರುವುದು ಸಮವಸ್ತ್ರದ ಸೈನಿಕ. ಗಡಿಯನ್ನೇ ಕಾಣದ ಅಂಗಡಿಯವರನ್ನು, ಬಡಗಿಗಳನ್ನು, ಶಾಲೆಗೆ ಹೋಗುವ ಮಕ್ಕಳನ್ನು ಹಿಡಿದು ಬೇಲಿಯೊಳಗಿಟ್ಟರೆ ಅವರನ್ನು ಏನೆನ್ನಬೇಕು? ನಮ್ಮ ದೇಶದಲ್ಲೇ ಹೀಗಾಗಿದೆ.

1962ರ ಅಕ್ಟೋಬರ್ 20ಕ್ಕೆ ಚೀನಾ ಯುದ್ಧ ಶುರು. 26ಕ್ಕೆ ತುರ್ತುಪರಿಸ್ಥಿತಿ. ನವೆಂಬರ್ 21ಕ್ಕೆ ಚೀನಾ ಕದನವಿರಾಮ ಸಾರಿತು. ಅಷ್ಟರೊಳಗೆ ಅಸ್ಸಾಮಿನ ಮಾಕುಮ್, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಯ ಚೀನೀ ಮೂಲದವರನ್ನು ಹಿಡಿಯುವ ಕೆಲಸ ಶುರುವಾಗಿತ್ತು. ಅಸ್ಸಾಮಿನ ಚಹಾ ತೋಟಗಳಿಗೆ ಚೀನೀಯರನ್ನು ಕರೆತಂದಿದ್ದು 19ನೇ ಶತಮಾನದಲ್ಲಿ, ಬ್ರಿಟಿಷರು. ಮಕ್ಕಳು ಮೊಮ್ಮಕ್ಕಳು ಇಲ್ಲೇ ಹುಟ್ಟಿ, ಇಲ್ಲಿನ ಭಾಷೆ ಆಡುತ್ತಿದ್ದವರು. ಸುಮಾರು 3,000 ಜನರನ್ನು ರೈಲು ಹತ್ತಿಸಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಿದರು. 1941ರಲ್ಲಿ ಬ್ರಿಟಿಷರು ಜಯಪ್ರಕಾಶ ನಾರಾಯಣರನ್ನು ಕೂಡಿಹಾಕಿದ್ದ ದೇವಲಿಯೇ ಇದು!

ವಿಚಾರಣೆ ಇಲ್ಲ, ಶಿಕ್ಷೆಯ ಅವಧಿ ಇಲ್ಲ. ಆಗಿನ ಸರ್ಕಾರಿ ಆದೇಶಗಳ ಪ್ರಕಾರ, ಅಜ್ಜ ಅಜ್ಜಿಯರಲ್ಲಿ ಒಬ್ಬರು ಶತ್ರುದೇಶದ ಪ್ರಜೆಯಾಗಿದ್ದರೂ ಸಾಕು, ಅನುಮಾನ ನಿಮ್ಮ ಮೇಲೆ.

ಜಿನೀವಾ ಒಪ್ಪಂದಗಳಿರಲಿಲ್ಲವೇ ಅಂತ ಕೇಳಬಹುದು. ಇದ್ದವು. 1949ರ ಆ ಒಪ್ಪಂದಗಳಿಗೆ ಭಾರತ 1950ರಲ್ಲೇ ಸೇರಿತ್ತು. ಮೂರನೆಯದು ಸೈನಿಕರಿಗೆ, ನಾಲ್ಕನೆಯದು ನಾಗರಿಕರಿಗೆ. ಬಂಧನ ಅನಿವಾರ್ಯವಾಗಿದ್ದರೆ ಮಾತ್ರ, ಅದನ್ನೂ ವರ್ಷಕ್ಕೆ ಎರಡು ಬಾರಿಯಾದರೂ ಮರುಪರಿಶೀಲಿಸಬೇಕು ಅನ್ನುತ್ತದೆ ನಾಲ್ಕನೆಯದು. ಆದರೆ ಅದರ ರಕ್ಷಣೆ ಬೇರೆ ದೇಶದ ಪ್ರಜೆಗಳಿಗೆ. ಭಾರತೀಯ ಪ್ರಜೆಯಾಗಿದ್ದವನಿಗೆ ಜಿನೀವಾ ಇಲ್ಲ. ಇತ್ತ ಸಂವಿಧಾನದ ಬಾಗಿಲೂ ತುರ್ತುಪರಿಸ್ಥಿತಿಯಿಂದ ಮುಚ್ಚಿತ್ತು. ಅತ್ತ ದರಿ, ಇತ್ತ ಪುಲಿ.

ವಿಪರ್ಯಾಸ ನೋಡಿ. ಚೀನಾದ ಕೈಗೆ ಸಿಕ್ಕಿದ್ದ ನಮ್ಮ ಸುಮಾರು 3,900 ಸೈನಿಕರು 1963ರಲ್ಲಿ ಮನೆಗೆ ಮರಳಿದರು, ಬ್ರಿಗೇಡಿಯರ್ ಜಾನ್ ದಳವಿ ಸೇರಿದಂತೆ. ದೇವಲಿಯ ಕೆಲವು ಕುಟುಂಬಗಳಿಗೆ ಬಿಡುಗಡೆ ಸಿಗಲು ವರ್ಷಗಳೇ ಹಿಡಿದವು. ಸಾವಿರಕ್ಕೂ ಹೆಚ್ಚು ಜನ, ನಾನೀಗ ವಾಸವಾಗಿರುವ ಈ ಮದರಾಸಿನ ಬಂದರಿನಿಂದಲೇ, ಚೀನಾ ಕಳಿಸಿದ ಹಡಗು ಹತ್ತಿದರು. ಅವರಲ್ಲಿ ಎಷ್ಟೋ ಮಂದಿ ಚೀನಾವನ್ನು ಕಂಡವರೇ ಅಲ್ಲ. ಉಳಿದವರು ಊರಿಗೆ ಮರಳಿದಾಗ ಹಲವರ ಮನೆ, ಅಂಗಡಿ ಹರಾಜಾಗಿ ಹೋಗಿದ್ದವು.

ಕೋರ್ಟುಗಳು ಪೂರಾ ಸುಮ್ಮನಿರಲಿಲ್ಲ. ಅದೇ ಕಾಲದ ಬಂಧನಗಳ ಬಗ್ಗೆ 1963ರ ಮಖನ್ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ಗಜೇಂದ್ರಗಡಕರ್ ಒಂದು ಕಿಟಕಿ ತೆರೆದಿಟ್ಟರು. ಮೂಲಭೂತ ಹಕ್ಕಿನ ಹೆಸರಲ್ಲಿ ಬರುವಂತಿಲ್ಲ, ಆದರೆ ದುರುದ್ದೇಶದಿಂದ ಬಂಧಿಸಿದ್ದರೆ ಪ್ರಶ್ನಿಸಬಹುದು ಎಂದರು. ಅವರ ಮನೆತನ ನಮ್ಮ ಗಜೇಂದ್ರಗಡದಿಂದ ಸಾತಾರಕ್ಕೆ ವಲಸೆ ಹೋದದ್ದು! 1976ರಲ್ಲಿ ಸುಪ್ರೀಂ ಕೋರ್ಟು ಆ ಕಿಟಕಿಯನ್ನೂ ಮುಚ್ಚಿತು. 1978ರ 44ನೇ ತಿದ್ದುಪಡಿಯ ನಂತರವೇ ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಯನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ ಎಂದಾಯಿತು.

ಊರು ಬಿಟ್ಟು ಬಂದು ಬೇರೂರಿದ ನಮ್ಮಂಥವರಿಗೆ ಇದು ಬರೀ ಹಳೇ ಕಥೆಯಲ್ಲ. 1991ರ ಕಾವೇರಿ ಗಲಾಟೆಯಲ್ಲಿ ಬೆಂಗಳೂರಿನ ತಮಿಳರು ಅನುಭವಿಸಿದ್ದು ನೆನಪಿದೆಯಲ್ಲ? ಜಗಳ ಎಲ್ಲೋ ಆಗುತ್ತದೆ, ಲೆಕ್ಕ ಕೇಳುವುದು ಪಕ್ಕದ ಮನೆಯವನನ್ನು. ಅವನು ಏನು ಮಾಡಿದ ಅಂತ ಕೇಳುವ ಕಾನೂನು ಬೇಕು, ಅವನ ಅಜ್ಜ ಯಾರು ಅಂತ ಕೇಳುವುದಲ್ಲ. ಏನಂತೀರಿ?