ಮಂತ್ರಕ್ಕೆ ಮಾವಿನಕಾಯಿ ಉದುರಬೇಕಾದರೆ

ಮಂತ್ರಕ್ಕೆ ಮಾವಿನಕಾಯಿ ಉದುರುವುದಿಲ್ಲ ಎಂಬುದು ಬದುಕಿನ ಮಾತು. ಕತೆಯಲ್ಲಿ ಉದುರುತ್ತದೆ. ಆದರೆ ಅಲ್ಲಿಯೂ ಕೇಳುವವರು ಸುಮ್ಮನೆ ಒಪ್ಪುವುದಿಲ್ಲ. ಮಂತ್ರ ಯಾರಿಗೆ ಗೊತ್ತು, ಎಷ್ಟು ಕಾಯಿ ಉದುರುತ್ತವೆ, ಉದುರಿಸಿದವನು ಏನು ಕಳೆದುಕೊಳ್ಳುತ್ತಾನೆ ಎಂದು ಅಜ್ಜಿಯ ತೊಡೆಯ ಮೇಲೆ ಮಲಗಿದ ಮಗುವೂ ಕೇಳುತ್ತದೆ. ಕಲ್ಪಿತ ಲೋಕದ ಮಾಯೆಗೆ ಕಟ್ಟಳೆ ಹಾಕುವ ಕಲೆ ಬೆಳೆದದ್ದೇ ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ. ಆ ಬೆಳವಣಿಗೆಯ ನಾಲ್ಕು ಶತಮಾನಗಳನ್ನು ಒಂದೇ ಊರಿನ ಜಾಡು ಹಿಡಿದು ನೋಡಬೇಕೆಂದರೆ ಹೈದರಾಬಾದಿಗೆ ಹೋಗಬೇಕು.

ಅದಕ್ಕೂ ಮೊದಲೇ ನಮ್ಮ ಕತೆಗಾರರಿಗೆ ಈ ಕಟ್ಟಳೆ ಗೊತ್ತಿತ್ತು. ಇಂದ್ರ ಕರ್ಣನಿಗೆ ಕೊಟ್ಟ ಶಕ್ತ್ಯಾಯುಧವನ್ನು ಒಮ್ಮೆ ಮಾತ್ರ ಪ್ರಯೋಗಿಸಬಹುದು. ಅರ್ಜುನನಿಗೆಂದು ಕಾದಿಟ್ಟ ಅದು ಘಟೋತ್ಕಚನ ಮೇಲೆ ವ್ಯಯವಾದಾಗ ಯುದ್ಧದ ಗತಿಯೇ ಬದಲಾಯಿತು. ಎಷ್ಟು ಸಲ ಬೇಕಾದರೂ ಎಸೆಯಬಹುದಾದ ಆಯುಧವಾಗಿದ್ದರೆ ಆ ರಾತ್ರಿಗೆ ಯಾವ ತೂಕವೂ ಇರುತ್ತಿರಲಿಲ್ಲ. ನಮ್ಮ ಪುರಾಣಗಳಲ್ಲಿ ಶಾಪವಿದ್ದಲ್ಲಿ ವಿಮೋಚನೆಯ ದಾರಿ, ವರವಿದ್ದಲ್ಲಿ ಒಂದು ಬಿರುಕು ಇದ್ದೇ ಇರುತ್ತದೆ. ಹಿರಣ್ಯಕಶಿಪು ಹಗಲೂ ಬೇಡ, ರಾತ್ರಿಯೂ ಬೇಡ ಎಂದು ಕೇಳಿಕೊಂಡ, ಸಂಜೆ ಉಳಿದುಬಿಟ್ಟಿತು. ನಾಗಚಂದ್ರನ ರಾಮಾಯಣದ ರಾವಣನೂ ಬಹುರೂಪಿಣಿ ವಿದ್ಯೆಗಾಗಿ ಜಪಕ್ಕೆ ಕೂರಲೇಬೇಕಾಗುತ್ತದೆ.

ತಿಲಿಸ್ಮಿನ ಲೋಕ

1612ರಲ್ಲಿ ಹಾಜಿ ಕಿಸ್ಸಾಖ್ವಾನ್ ಹಮದಾನಿ ಎಂಬ ಪರ್ಷಿಯನ್ ಕತೆಗಾರ ಹೈದರಾಬಾದಿಗೆ ಬಂದ. ಊರು ಹುಟ್ಟಿ ಆಗ ಎರಡು ದಶಕವಷ್ಟೇ. ಅಮೀರ್ ಹಂಜಾ ಎಂಬ ವೀರನ ಸಾಹಸಕತೆಗಳ ಹಸ್ತಪ್ರತಿಗಳು ಅವನ ಬಳಿ ಇದ್ದವು. ಅವನ್ನು ಕುತುಬ್ ಶಾಹಿ ದೊರೆಗೆ ಒಪ್ಪಿಸಿದಾಗ, ಸಾರ ತೆಗೆದು ಬರೆಯುವಂತೆ ಅಪ್ಪಣೆಯಾಯಿತು. ಹಾಗೆ ಸಿದ್ಧವಾದದ್ದು ‘ಜುಬ್ದತುರ್ ರುಮೂಜ್’. ಅದೇ ಕಾಲದಲ್ಲಿ ಗೋಲ್ಕೊಂಡದ ಕವಿ ಗವ್ವಾಸಿ, ರಾಜಕುಮಾರ ಸೈಫುಲ್ ಮುಲೂಕ್ ಮತ್ತು ಪರಿಯೊಬ್ಬಳ ಪ್ರೇಮಕತೆಯನ್ನು ದಖನಿಯಲ್ಲಿ ಹಾಡುತ್ತಿದ್ದ.

ಹಂಜಾನ ಕತೆ ಪರ್ಷಿಯನ್ನಿನಿಂದ ಉರ್ದುವಿಗೆ ಬಂದು, 1883ರಿಂದ ಲಖನೌದ ನವಲ ಕಿಶೋರ್ ಮುದ್ರಣಾಲಯದಲ್ಲಿ ‘ತಿಲಿಸ್ಮ್-ಎ-ಹೋಶ್‌ರುಬಾ’ ಎಂಬ ಹೆಸರಿನ ಸಂಪುಟಗಳಾಯಿತು. ಮುಹಮ್ಮದ್ ಹುಸೇನ್ ಜಾಹ್ ಶುರುಮಾಡಿದ್ದನ್ನು ಅಹ್ಮದ್ ಹುಸೇನ್ ಕಮರ್ ಮುಂದುವರಿಸಿದರು. ತಿಲಿಸ್ಮ್ ಎಂದರೆ ಮಾಂತ್ರಿಕರು ಕಟ್ಟಿದ ಇಡೀ ಲೋಕ. ಅದಕ್ಕೆ ಅದರದೇ ನದಿ, ನಗರ, ಚಕ್ರವರ್ತಿ. ಕಟ್ಟುವಾಗಲೇ ಅದರ ಆಯುಷ್ಯವೂ ಗೊತ್ತಾಗಿರುತ್ತದೆ. ಅದನ್ನು ಒಡೆಯುವವನು ಇಂಥವನೇ ಎಂದು ಮೊದಲೇ ಬರೆದಿರುತ್ತದೆ. ಒಡೆಯುವ ಬಗೆಯನ್ನು ಹೇಳುವ ಲೌಹ್ ಎಂಬ ಫಲಕ ಎಲ್ಲೋ ಅಡಗಿರುತ್ತದೆ.

ಹತ್ತಿರದಿಂದ ನೋಡಿದಾಗ ಕಾಣುವ ಒಂದು ಚಿಕ್ಕ ವಿವರವಂತೂ ನನಗೆ ಬಹಳ ಇಷ್ಟ. ಹೋಶ್‌ರುಬಾದ ಚಕ್ರವರ್ತಿ ಅಫ್ರಾಸಿಯಾಬನ ಮಾಂತ್ರಿಕರು ಬೆಟ್ಟ ಎತ್ತಬಲ್ಲರು, ಬೆಂಕಿ ಸುರಿಸಬಲ್ಲರು. ಅವರೆದುರು ನಿಲ್ಲುವ, ಹಂಜಾನ ಕಡೆಯ ಅಮರ್ ಅಯ್ಯಾರನ ಗುಂಪಿಗೆ ಮಂತ್ರ ಬಾರದು. ವೇಷ, ಮಂಪರು ಬರಿಸುವ ಔಷಧ, ಚುರುಕು ಬುದ್ಧಿ ಇಷ್ಟೇ ಅವರ ಬಂಡವಾಳ. ಮಾಂತ್ರಿಕನನ್ನು ಮೂರ್ಛೆಗೊಳಿಸಿದ ಕೂಡಲೇ ಅವರು ಅವನ ನಾಲಗೆಗೆ ಸೂಜಿ ಚುಚ್ಚುತ್ತಾರೆ. ಮಂತ್ರ ಇರುವುದು ಉಚ್ಚಾರದಲ್ಲಿ. ನಾಲಗೆ ಆಡದಿದ್ದರೆ ಮಹಾ ಮಾಂತ್ರಿಕನೂ ಕಟ್ಟಿಹಾಕಿದ ಮನುಷ್ಯ. ಒಂದು ಸೂಜಿಯಿಂದ ಇಡೀ ವ್ಯವಸ್ಥೆ ನಂಬುವಂತಾಗುತ್ತದೆ.

1888ರಲ್ಲಿ ದೇವಕೀನಂದನ ಖತ್ರಿಯವರ ಹಿಂದಿ ಕಾದಂಬರಿ ‘ಚಂದ್ರಕಾಂತಾ’ ಬಂತು. ಅವರು ತಿಲಿಸ್ಮನ್ನು ಯಂತ್ರಗಳ ಕೈಚಳಕವಾಗಿ ವಿವರಿಸಿ, ಮಾಯೆಯನ್ನು ತರ್ಕದ ಪಕ್ಕಕ್ಕೆ ತಂದು ಕೂರಿಸಿದರು.

ಬೆಳ್ಳಿತೆರೆಯ ಮಾಂತ್ರಿಕರು

ತೆಲುಗಿನಲ್ಲಿ ಮಧಿರ ಸುಬ್ಬನ್ನ ದೀಕ್ಷಿತರ ‘ಕಾಶೀ ಮಜಿಲೀ ಕಥಲು’ ಇಂಥ ಕತೆಗಳ ಕಣಜ. ಅದರ ಬೀಜದಿಂದ ಕೆ.ವಿ. ರೆಡ್ಡಿ 1951ರಲ್ಲಿ ‘ಪಾತಾಳ ಭೈರವಿ’ ಮಾಡಿದರು. ನೇಪಾಳದ ಮಾಂತ್ರಿಕನಿಗೆ ದೇವಿ ಒಲಿಯಲು ಒಬ್ಬ ಸಾಹಸಿಯ ಬಲಿ ಬೇಕು. ಬಲಿಯಾಗಬೇಕಿದ್ದ ತೋಟ ರಾಮುಡು ಮಾಂತ್ರಿಕನನ್ನೇ ಬಲಿಕೊಟ್ಟು, ಬೇಡಿದ್ದನ್ನು ಕೊಡುವ ಪ್ರತಿಮೆಯನ್ನು ಪಡೆಯುತ್ತಾನೆ. ಆ ಪ್ರತಿಮೆಗೆ ಒಳ್ಳೆಯವನು ಕೆಟ್ಟವನು ಎಂಬ ಭೇದವಿಲ್ಲ. ಯಾರ ಕೈಯಲ್ಲಿದೆಯೋ ಅವರ ಮಾತು ಕೇಳುತ್ತದೆ. ಇಷ್ಟು ಗೊತ್ತಾದ ಮೇಲೆ ಅದು ಕೈ ಬದಲಾದಾಗಲೆಲ್ಲ ನೋಡುವವರ ಎದೆ ಧಸಕ್ಕೆನ್ನುತ್ತದೆ. 1957ರ ‘ಮಾಯಾಬಜಾರ್’ನಲ್ಲಿ ಅದೇ ನಿರ್ದೇಶಕರು ಮಾಯೆಯನ್ನು ಮನುಷ್ಯ ಸ್ವಭಾವಕ್ಕೆ ಹಿಡಿದ ಕನ್ನಡಿಯಾಗಿಸಿದರು. ಸತ್ಯಪೀಠದ ಮೇಲೆ ನಿಂತವರು ನಿಜವನ್ನೇ ನುಡಿಯಬೇಕು. ಶಕುನಿಯೇ ಅದರ ಮೇಲೆ ನಿಂತರೆ ಬೇರೆ ಶಿಕ್ಷೆ ಬೇಕೆ?

ಇವೆಲ್ಲ ತಯಾರಾದದ್ದು ಮದರಾಸಿನಲ್ಲಿ. ಅಲ್ಲಿಗೆ ಮೈಸೂರಿನಿಂದ ಹೋದವರಲ್ಲಿ ನಮ್ಮವರೊಬ್ಬರಿದ್ದರು. ಉಡುಪಿ ಸೀಮೆಯಲ್ಲಿ 1920ರಲ್ಲಿ ಹುಟ್ಟಿದ ಬಿ. ವಿಠಲಾಚಾರ್ಯರು ಡಿ. ಶಂಕರಸಿಂಗ್ ಜೊತೆ ಮಹಾತ್ಮಾ ಪಿಕ್ಚರ್ಸ್‌ನಲ್ಲಿ ಪಳಗಿ, ಮುಂದೆ ತೆಲುಗರಿಂದ ‘ಜಾನಪದ ಬ್ರಹ್ಮ’ ಎನಿಸಿಕೊಂಡರು. 1963ರ ‘ಬಂದಿಪೋಟು’ವಿನಿಂದ 1978ರ ‘ಜಗನ್ಮೋಹಿನಿ’ಯವರೆಗೆ ಅವರದು ಕಡಿಮೆ ಖರ್ಚಿನ ದಾರಿ. ನಾಯಕನ ಕಾಲ್‌ಶೀಟ್ ಸಿಗದಿದ್ದರೆ ಶಾಪ ಕೊಡಿಸಿ ಅವನನ್ನು ಗಿಳಿಯಾಗಿಸಿ ಚಿತ್ರೀಕರಣ ಮುಂದುವರಿಸುತ್ತಿದ್ದರು ಎಂಬ ಮಾತು ಚಿತ್ರರಂಗದಲ್ಲಿ ಇಂದಿಗೂ ಓಡಾಡುತ್ತದೆ. ಆ ಗಿಳಿಯನ್ನು ಜನ ಒಪ್ಪಿದ್ದು ಯಾಕೆ? ಶಾಪಕ್ಕೆ ಕಾರಣ, ವಿಮೋಚನೆಗೆ ದಾರಿ ಎರಡೂ ಅವರಿಗೆ ಅಜ್ಜಿಯ ಕತೆಗಳಿಂದಲೇ ಗೊತ್ತಿದ್ದವು.

ಹೊಸ ಹೈದರಾಬಾದ್

ಮುಂದೆ ತೆಲುಗು ಚಿತ್ರೋದ್ಯಮ ಮದರಾಸು ಬಿಟ್ಟು ಹೈದರಾಬಾದಿನಲ್ಲಿ ಬೇರೂರಿತು. 1996ರಲ್ಲಿ ರಾಮೋಜಿ ಫಿಲ್ಮ್ ಸಿಟಿ ತಲೆಯೆತ್ತಿತು. ಗ್ರಾಫಿಕ್ಸ್ ಸಂಸ್ಥೆಗಳು ಬಂದವು. ಈಗ ತೆರೆಯ ಮೇಲೆ ಏನನ್ನೂ ತೋರಿಸಬಹುದು. ಹಾಗಾಗಿ ಏನನ್ನು ತೋರಿಸಬಾರದು ಎಂಬ ತೀರ್ಮಾನ ಇನ್ನೂ ಮುಖ್ಯವಾಯಿತು.

ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದ ಎಸ್.ಎಸ್. ರಾಜಮೌಳಿಯವರ ‘ಈಗ’ (2012) ಇದಕ್ಕೆ ಒಳ್ಳೆಯ ಪಾಠ. ಕೊಲೆಯಾದ ಹುಡುಗ ನೊಣವಾಗಿ ಹುಟ್ಟಿ ಸೇಡು ತೀರಿಸಿಕೊಳ್ಳುತ್ತಾನೆ. ಎದುರಾಳಿಯಾಗಿ ನಮ್ಮ ಸುದೀಪ್. ಹಿಂದಿನ ಜನ್ಮದ ನೆನಪೊಂದನ್ನು ಬಿಟ್ಟರೆ ಆ ನೊಣಕ್ಕೆ ಬೇರೆ ವರವಿಲ್ಲ. ಮಾತಾಡಲಾಗದು, ಬರೆದೇ ತಿಳಿಸಬೇಕು. ಕೀಟನಾಶಕ ಅದನ್ನು ಕೊಲ್ಲಬಲ್ಲದು; ಸೂಕ್ಷ್ಮ ಕಲಾಕೃತಿಗಳನ್ನು ಮಾಡುವ ಪ್ರೇಯಸಿಯೇ ಅದಕ್ಕೆ ಪುಟ್ಟ ರಕ್ಷಾಕವಚ ಮಾಡಿಕೊಡಬೇಕು. ಇಷ್ಟು ದುರ್ಬಲವಾದ್ದರಿಂದಲೇ ನಾವು ಅದರ ಪರ ಉಸಿರು ಬಿಗಿಹಿಡಿಯುತ್ತೇವೆ. 2009ರ ‘ಅರುಂಧತಿ’ಯಲ್ಲಿ ಪ್ರೇತವನ್ನು ಕೊಲ್ಲುವ ಆಯುಧ ನಾಯಕಿಯ ಹಿಂದಿನ ಜನ್ಮದ ಮೂಳೆಯಿಂದಲೇ ಆಗಬೇಕು, ಅಲ್ಲಿ ಮಾಯೆಯ ಬೆಲೆ ಒಂದು ಜೀವ. 2024ರ ‘ಹನುಮಾನ್’ನಲ್ಲಿ ಮಣಿಯ ಶಕ್ತಿ ಹರಿಯಲು ಬಿಸಿಲು ಬೇಕು. ಸೂರ್ಯ ಮುಳುಗಿದರೆ ನಾಯಕ ಮತ್ತೆ ಹಳ್ಳಿಯ ಸಾಮಾನ್ಯ ಹುಡುಗ.

ಇಂಗ್ಲಿಷ್ ಬರಹಗಾರರೂ ಬೇರೆ ದಾರಿಯಲ್ಲಿ ಇಲ್ಲಿಗೇ ಬಂದಿದ್ದಾರೆ. ಅರ್ಸುಲಾ ಲೆ ಗ್ವಿನ್ 1968ರಲ್ಲಿ ಶುರುಮಾಡಿದ ಅರ್ಥ್‌ಸೀ ಕಾದಂಬರಿಗಳಲ್ಲಿ ವಸ್ತುವಿನ ನಿಜನಾಮ ತಿಳಿದವನಿಗೆ ಮಾತ್ರ ಅದರ ಮೇಲೆ ಹಿಡಿತ; ಒಂದು ಕಡೆ ಬದಲಿಸಿದರೆ ಲೋಕದ ಸಮತೋಲ ಇನ್ನೊಂದು ಕಡೆ ಅಲುಗುತ್ತದೆ. ಬ್ರಾಂಡನ್ ಸ್ಯಾಂಡರ್ಸನ್ 2007ರಲ್ಲಿ ಇದನ್ನು ಸೂತ್ರವಾಗಿಸಿದರು: ಓದುಗನಿಗೆ ಮಾಯೆ ಎಷ್ಟು ಅರ್ಥವಾಗಿದೆಯೋ ಅಷ್ಟರಮಟ್ಟಿಗೆ ಮಾತ್ರ ಅದರಿಂದ ಕತೆಯ ತೊಡಕು ಬಿಡಿಸಬಹುದು.

ಈ ಸೂತ್ರವನ್ನು ಕನ್ನಡದ ಹೆಂಗಸರು ಎಂದೋ ಹೇಳಿಬಿಟ್ಟಿದ್ದಾರೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ‘ಹೂವಾದ ಹುಡುಗಿ’ಯನ್ನು ನೆನೆಯಿರಿ. ಉಗುರು ತಾಗಿಸದೆ ತಂದ ಎರಡು ಬಿಂದಿಗೆ ನೀರು. ಒಂದನ್ನು ಸುರಿದರೆ ಹುಡುಗಿ ಮರವಾಗುತ್ತಾಳೆ, ಇನ್ನೊಂದನ್ನು ಸುರಿದರೆ ಮರಳಿ ಹುಡುಗಿ. ಹೂ ಕೊಯ್ಯುವಾಗ ಚಿಗುರಿಗೂ ನೋವಾಗಬಾರದು. ನಾದಿನಿ ಮತ್ತವಳ ಗೆಳತಿಯರು ಕೊಂಬೆ ಮುರಿದು, ನೀರನ್ನು ಹೇಗೆಂದರೆ ಹಾಗೆ ಎರಚಿ ಹೋದಾಗ ಅವಳು ಕೈಕಾಲಿಲ್ಲದ ಮುಂಡವಾಗಿ ಉಳಿಯುತ್ತಾಳೆ. ಆ ನಿಯಮವನ್ನು ಮೊದಲೇ ಕೇಳಿಸಿಕೊಂಡ ನಮಗೆ ಆ ಮುರಿತ ನಮ್ಮ ಮೈಯಲ್ಲೇ ಆದಂತಾಗುತ್ತದೆ. ಗಂಡ ಕೊನೆಗೆ ಮುರಿದ ಕೊಂಬೆಗಳನ್ನು ಒಂದೊಂದಾಗಿ ಕೂಡಿಸಿ ನೀರೆರೆಯುತ್ತಾನೆ. ನಿಯಮ ಹೇಳುವುದು ಆ ಹುಡುಗಿಯ ದೇಹವನ್ನು ಹೇಗೆ ಮುಟ್ಟಬೇಕು ಎಂಬುದನ್ನೇ.

ಇವತ್ತು ಕನ್ನಡದಲ್ಲಿ ಹೊಸ ಲೋಕ ಕಟ್ಟಲು ಕೂತ ಹುಡುಗ ಹುಡುಗಿಯರಿಗೆ ಈ ಎರಡು ಬಿಂದಿಗೆ ಮತ್ತು ಆ ಒಂದು ಸೂಜಿ ಸಾಕಷ್ಟು ಬಂಡವಾಳ. ಕೊನೆಯ ಅಧ್ಯಾಯದಲ್ಲಿ ನಾಯಕನಿಗೆ ಹೊಸ ಶಕ್ತಿ ಕೊಡುವ ಆಸೆ ಬಂದಾಗ ಕೈ ತಡೆಯಲಿ. ಮರದಲ್ಲಿ ಯಾವ ಕಾಯಿ ಎಂಥ ಮಂತ್ರಕ್ಕೂ ಉದುರುವುದಿಲ್ಲ ಎಂದು ಮೊದಲೇ ಗೊತ್ತುಮಾಡಿಕೊಂಡರೆ, ಉದುರಿದ ಕಾಯಿಯನ್ನು ಮಗು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತದೆ.