ಸುತ್ತು

ತಮಿಳಿನ ‘ಸುಟ್ರು’, ತೆಲುಗಿನ ‘ಚುಟ್ಟು’ಗಳಿಗೆ ಸೋದರವಾದ, ಬಳಸು, ಆವರಿಸು, ತಿರುಗು ಎಂಬ ಅರ್ಥಗಳುಳ್ಳ ‘ಸುತ್ತು’ ಎಂಬ ಅಚ್ಚಗನ್ನಡ ಧಾತುವು, ನಾಮಪದವಾಗಿ ಕೋಟೆಯ ಸುತ್ತು, ಉಗುರುಸುತ್ತು, ಮತ ಎಣಿಕೆಯ ಸುತ್ತು ಎಂದು ನಾನಾ ಪರಿಯಲ್ಲಿ ಬಳಕೆಗೊಂಡು, ಮುಷ್ಟಿಯುದ್ಧದ ಕಣದಲ್ಲಿ ಕಾಲದ ಅಳತೆಯಾಗಿ ಪರಿಣಮಿಸಿದೆ. ವೃತ್ತಿಪರ ಪುರುಷರ ಪಂದ್ಯದಲ್ಲಿ ಒಂದು ಸುತ್ತೆಂದರೆ ಮೂರು ನಿಮಿಷ. ಅನಂತರ ಒಂದು ನಿಮಿಷದ ವಿರಾಮ. ಕಣದ ಬದಿಗಳಲ್ಲಿ ಕುಳಿತ ಮೂವರು ತೀರ್ಪುಗಾರರು ನಿಖರವಾಗಿ ತಗುಲಿದ ಹೊಡೆತ, ಫಲಪ್ರದವಾದ ಆಕ್ರಮಣ, ಕಣದ ಮೇಲಣ ಪ್ರಭುತ್ವ, ಆತ್ಮರಕ್ಷಣೆ ಎಂಬಿವನ್ನು ತೂಗಿನೋಡಿ, ಪ್ರತಿಯೊಂದು ಸುತ್ತನ್ನೂ ಬೇರೆಬೇರೆಯಾಗಿಯೇ ಪರಿಗಣಿಸಿ, ಗೆದ್ದವನಿಗೆ 10, ಸೋತವನಿಗೆ 9, ಸೋಲುವುದರೊಡನೆ ಒಮ್ಮೆ ನೆಲಕ್ಕುರುಳಿದವನಿಗೆ ಸಾಮಾನ್ಯವಾಗಿ 8 ಅಂಕಗಳನ್ನೀಯುವರು. 2008ರಲ್ಲಿ ಪುಣೆಯ ಬಾಲೇವಾಡಿಯಲ್ಲಿ ಕಾಮನ್‌ವೆಲ್ತ್ ಯುವ ಕ್ರೀಡಾಕೂಟವು ಜರುಗಿದ ಕಾಲಕ್ಕೆ, ಹವ್ಯಾಸಿ ಮುಷ್ಟಿಯುದ್ಧದಲ್ಲಿ ತಗುಲಿದ ಹೊಡೆತಗಳನ್ನು ಗುಂಡಿಯೊತ್ತಿ ಎಣಿಸುವ ಯಂತ್ರಪದ್ಧತಿಯಿದ್ದು, ಸುತ್ತು ಬರಿಯ ಕಾಲವಿಭಾಗವಾಗಿದ್ದಿತು. 2013ರಲ್ಲಿ ಹವ್ಯಾಸಿ ಮುಷ್ಟಿಯುದ್ಧದ ಅಂತರರಾಷ್ಟ್ರೀಯ ಸಂಸ್ಥೆಯು ವೃತ್ತಿಪರರ ಈ ಹತ್ತಂಕದ ಕ್ರಮವನ್ನು ಅಂಗೀಕರಿಸಿದ ಮೇಲೆ, ಅದೇ ನಗರದ ಸೇನಾ ಕ್ರೀಡಾ ಸಂಸ್ಥೆಯಲ್ಲಿ ಪಳಗುವ ಮುಷ್ಟಿಪಟುಗಳಿಗೂ ಪ್ರತಿ ಸುತ್ತೂ ಪ್ರತ್ಯೇಕವಾಗಿ ಗೆಲ್ಲಬೇಕಾದ ಪಂದ್ಯವೇ ಆಯಿತು. ಒಟ್ಟು ಹೊಡೆತಗಳಲ್ಲಿ ಮುಂದಿದ್ದವನೂ ಸುತ್ತುಗಳ ಲೆಕ್ಕದಲ್ಲಿ ಸೋಲುವುದುಂಟು.